ವಿಕಿರಣ: ಹೆದರಿಕೆಗೂ ಒಂದು ಅಳತೆ ಬೇಡವೇ?

ಒಂದು ಪ್ರಶ್ನೆ ಕೇಳುತ್ತೇನೆ, ನಿಜ ಹೇಳಿ. ಕಾಯಿಸಿ, ಆರಿಸಿ, ಹೆಪ್ಪು ಹಾಕಲು ಇಟ್ಟಿದ್ದ ಎರಡು ಲೀಟರ್ ಹಾಲನ್ನು ಯಾರೋ ಏನೋ ಹೇಳಿದರೆಂದು ನೀವು ಬಚ್ಚಲಿಗೆ ಸುರಿಯುತ್ತೀರಾ? "ಉಂಟೇ!" ಎನ್ನುತ್ತೀರಿ. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ 2011ರ ಮಾರ್ಚ್ ತಿಂಗಳಲ್ಲಿ, ಬೆಂಗಳೂರಿನ ಪೀಣ್ಯದ ಹತ್ತಿರ, ನಮ್ಮಣ್ಣನ ವಠಾರದಲ್ಲಿ ಅದನ್ನು ನಾನೇ ಕಣ್ಣಾರೆ ಕಂಡೆ. ಸುರಿದವರು ಬೇರೆ ಯಾರೂ ಅಲ್ಲ, ಒಂದು ತೊಟ್ಟು ಹಾಲನ್ನೂ ದಂಡ ಮಾಡದ ನಮ್ಮ ಅತ್ತಿಗೆ.

ನಾನಿರುವುದು ತಿಪಟೂರಿನಲ್ಲಿ. ಅಣ್ಣ ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಲೇತ್ ಕೆಲಸ ಮಾಡುತ್ತಿದ್ದ. ಅತ್ತಿಗೆಗೆ ಎದೆಯ ಕ್ಯಾನ್ಸರ್ ಆಗಿ, ಆಪರೇಷನ್ ಮುಗಿದು, ನಮ್ಮ ಕಡೆಯವರು 'ಕರೆಂಟ್ ಕೊಡಿಸೋದು' ಎನ್ನುತ್ತಾರಲ್ಲ, ಆ ವಿಕಿರಣ ಚಿಕಿತ್ಸೆ ನಡೆಯುತ್ತಿತ್ತು. ವಾರಕ್ಕೆ ಐದು ದಿನದಂತೆ ಒಟ್ಟು ಇಪ್ಪತ್ತೈದು ಸಲ. ಅಡಿಗೆಗೆ, ಆಸ್ಪತ್ರೆಗೆ ಜೊತೆಯಾಗಲೆಂದು ನಾನು ಹೋಗಿದ್ದೆ. ಹನ್ನೊಂದು ಸಲ ಮುಗಿದಿತ್ತು.

ಆಗ ಬಂತು ನೋಡಿ ಜಪಾನಿನ ಸುದ್ದಿ. ಟೀವಿಯಲ್ಲಿ ದಿನಕ್ಕೊಂದು ಸ್ಫೋಟ, ದಿನಕ್ಕೊಂದು ಹೊಗೆ. ಒಂದು ಸಂಜೆ ವಠಾರದ ಫೋನುಗಳೆಲ್ಲ ಒಂದರ ಹಿಂದೊಂದು ಗುಂಯ್‌ಗುಟ್ಟಿದವು. ಬಿ.ಬಿ.ಸಿ. ಸುದ್ದಿ ಎಂದು ಹೆಸರು ಹಚ್ಚಿಕೊಂಡ ಒಂದು ಸಂದೇಶ: 'ವಿಕಿರಣದ ಮಳೆ ಬರಲಿದೆ. ಇಪ್ಪತ್ನಾಲ್ಕು ಗಂಟೆ ಮನೆಯಿಂದ ಹೊರಬರಬೇಡಿ, ಕಿಟಕಿ ಮುಚ್ಚಿ, ಕುತ್ತಿಗೆಗೆ ಬೆಟಾಡಿನ್ ಹಚ್ಚಿಕೊಳ್ಳಿ.' ಅದನ್ನು ಕಳಿಸಿದವನು ಎದುರು ಮನೆಯಾಕೆಯ ಮಗ, ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕಂಪ್ಯೂಟರ್ ಕೆಲಸದ ಹುಡುಗ. ಓದಿದವನೇ ಕಳಿಸಿದ ಮೇಲೆ ನಂಬದಿರುವುದು ಹೇಗೆ? ಕಿಟಕಿಗಳು ದಡಾರನೆ ಮುಚ್ಚಿಕೊಂಡವು. ಒಣಹಾಕಿದ್ದ ಬಟ್ಟೆ, ಹಪ್ಪಳ ಎಲ್ಲ ಒಳಗೆ ಬಂದವು. ಅತ್ತಿಗೆ ಹಾಲು ಸುರಿದರು.

ಹಾಲು ಹೋದರೆ ಹೋಗಲಿ ಎನ್ನಿ. ಮರುದಿನ ಬೆಳಿಗ್ಗೆ ನಾನು ಆಟೋ ಕರೆದು ಬಂದರೆ ಅತ್ತಿಗೆ ಹಾಸಿಗೆ ಬಿಟ್ಟು ಏಳಲಿಲ್ಲ. "ಅಲ್ಲಿ ಜಪಾನಿನಲ್ಲಿ ಊರಿಗೆ ಊರೇ ಅದನ್ನ ಬಿಟ್ಟು ಓಡ್ತಾ ಇದೆ. ನಾನು ದಿನಾ ಆಟೋಗೆ ದುಡ್ಡು ಕೊಟ್ಟು ಅದನ್ನೇ ಹಾಕಿಸ್ಕೊಂಡು ಬರ್ತಿದೀನಿ. ನಾನು ಬರಲ್ಲ ಕಣೇ" ಅಂದರು. ಎಷ್ಟು ಹೇಳಿದರೂ ಕೇಳಲಿಲ್ಲ.

ಹೆದರಿಕೆ ಸುಳ್ಳಲ್ಲ, ಸೋದರಿಯರೇ. ಆದರೆ ಯಾವುದಕ್ಕೆ ಎಷ್ಟು ಹೆದರಬೇಕು ಎಂಬ ಅಳತೆ ತಪ್ಪಿದರೆ ಹೀಗಾಗುತ್ತದೆ. ಆ ಅಳತೆಯನ್ನು ನಾನು ಆಮೇಲೆ ಕೇಳಿ, ಓದಿ ತಿಳಿದುಕೊಂಡೆ. ಅದನ್ನೇ ನಿಮಗೆ ಹೇಳುತ್ತಿದ್ದೇನೆ.

ಜಪಾನಿನಲ್ಲಿ ಆದದ್ದೇನು?

2011ರ ಮಾರ್ಚ್ 11ರ ಮಧ್ಯಾಹ್ನ ಜಪಾನಿನ ಪೂರ್ವ ಕರಾವಳಿಯಲ್ಲಿ 9ರ ತೀವ್ರತೆಯ ಭೂಕಂಪ. ಫುಕುಶಿಮಾದ ಅಣುಸ್ಥಾವರದಲ್ಲಿ ಓಡುತ್ತಿದ್ದ ಮೂರು ಘಟಕಗಳೂ ಆ ಕ್ಷಣವೇ ತಾವಾಗಿ ನಿಂತವು. ಆದರೆ ಒಲೆ ಆರಿಸಿದರೂ ಹಂಚಿನ ಕಾವು ಇಳಿಯುವುದಿಲ್ಲವಷ್ಟೆ? ಅಣು ಇಂಧನದ ಕಾವು ಇನ್ನೂ ಮೊಂಡು. ನಿಲ್ಲಿಸಿದ ಮೇಲೂ ಅದು ತಾನೇ ಬಿಸಿ ಹುಟ್ಟಿಸುತ್ತಿರುತ್ತದೆ, ದಿನಗಟ್ಟಲೆ ನೀರು ಹರಿಸುತ್ತಲೇ ಇರಬೇಕು. ಸ್ವಲ್ಪ ಹೊತ್ತಿಗೆ 14-15 ಮೀಟರ್ ಎತ್ತರದ ಸುನಾಮಿ ಅಲೆ ಬಂದು ನೀರು ಹರಿಸುವ ಪಂಪಿಗೆ ವಿದ್ಯುತ್ ಕೊಡುವ ಡೀಸೆಲ್ ಯಂತ್ರಗಳನ್ನೇ ಮುಳುಗಿಸಿತು. ನೀರಿಲ್ಲದ ಇಂಧನ ಕರಗಿತು. ಹುಟ್ಟಿದ ಜಲಜನಕ ಅನಿಲ 12ರಂದು ಒಂದು ಕಟ್ಟಡದಲ್ಲಿ, 14ರಂದು ಇನ್ನೊಂದರಲ್ಲಿ, 15ರಂದು ಮತ್ತೊಂದರಲ್ಲಿ ಸಿಡಿಯಿತು.

ಸ್ಥಾವರದ ಸುತ್ತ ಮೊದಲು 3 ಕಿಲೋಮೀಟರ್ ಒಳಗಿನವರು ಹೊರಡಿ ಎಂದರು, ಆಮೇಲೆ 10, ಆಮೇಲೆ 20. ಒಂದೂವರೆ ಲಕ್ಷಕ್ಕೂ ಹೆಚ್ಚು ಜನ ಮನೆಮಠ ಬಿಟ್ಟರು. ಅಪಘಾತದ ಗಂಭೀರತೆಗೆ 1ರಿಂದ 7ರವರೆಗೆ ಅಂತರರಾಷ್ಟ್ರೀಯ ಅಳತೆಯೊಂದಿದೆ. ಮೊದಲು 4 ಎಂದವರು ವಾರದಲ್ಲಿ 5 ಎಂದರು, ಏಪ್ರಿಲ್ 12ಕ್ಕೆ 7 ಎಂದರು. ಸಣ್ಣದು ಸಣ್ಣದು ಎನ್ನುತ್ತ ದೊಡ್ಡದಾದರೆ ಜನ ಆಮೇಲೆ ಯಾರ ಮಾತು ನಂಬುತ್ತಾರೆ ಹೇಳಿ?

ಇನ್ನೊಂದು ಮಾತೂ ನಿಮಗೆ ತಿಳಿದಿರಲಿ. ಫುಕುಶಿಮಾದ ಜನಸಾಮಾನ್ಯರಲ್ಲಿ ವಿಕಿರಣದಿಂದಲೇ ಆರೋಗ್ಯ ಕೆಟ್ಟಿತೆಂದು ಸಾಬೀತಾದದ್ದು ಕಂಡಿಲ್ಲವೆಂದು ವಿಶ್ವಸಂಸ್ಥೆಯ ವಿಜ್ಞಾನಿಗಳ ಸಮಿತಿ ವರದಿ ಕೊಟ್ಟಿದೆ. ಆದರೆ ಅವಸರದಲ್ಲಿ ಊರು ಬಿಟ್ಟದ್ದರಿಂದ, ಆಸ್ಪತ್ರೆಯ ಮುದುಕರನ್ನು ಸರಿಯಾದ ಏರ್ಪಾಟಿಲ್ಲದೆ ಬಸ್ಸಿನಲ್ಲಿ ಸಾಗಿಸಿದ್ದರಿಂದ, ವರ್ಷಗಟ್ಟಲೆ ಶಿಬಿರದಲ್ಲಿ ಕೊರಗಿದ್ದರಿಂದ ಆ ಪ್ರಾಂತದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಮಂದಿ ತೀರಿಕೊಂಡರೆಂದು ಅಲ್ಲಿನ ಸರ್ಕಾರವೇ ಲೆಕ್ಕ ಹಾಕಿದೆ. ಗಾಬರಿಗೂ ಜೀವ ತೆಗೆಯುವ ಶಕ್ತಿಯಿದೆ.

ನಮ್ಮ ವಠಾರಕ್ಕೂ ಫುಕುಶಿಮಾಕ್ಕೂ ಆರು ಸಾವಿರ ಕಿಲೋಮೀಟರಿಗೂ ಮೀರಿದ ದೂರ. ಗಾಳಿ ಹೆಚ್ಚಾಗಿ ಬೀಸಿದ್ದು ಆ ಕಡೆಗೆ, ಪೆಸಿಫಿಕ್ ಸಾಗರದ ಮೇಲೆ. ಬಿ.ಬಿ.ಸಿ.ಯವರೂ ಆ ಸುದ್ದಿ ತಮ್ಮದಲ್ಲವೆಂದರು. ನಾವು ಮಾತ್ರ ಸೆಕೆಯಲ್ಲಿ ಕಿಟಕಿ ಮುಚ್ಚಿಕೊಂಡು ಬೆವರಿದೆವು!

ದೀಪದ ಬೆಳಕು, ಅರಿಶಿನದ ಪುಡಿ

ಮೂರು ದಿನವಾದರೂ ಅತ್ತಿಗೆ ಆಸ್ಪತ್ರೆಗೆ ಬರಲಿಲ್ಲವಾಗಿ ನಾನೊಬ್ಬಳೇ ಹೋಗಿ ಡಾಕ್ಟರನ್ನು ಕಂಡೆ. ವಯಸ್ಸಾದ ಹೆಂಗಸು. ಬೈಯುತ್ತಾರೆಂದುಕೊಂಡಿದ್ದೆ. ಅವರು ಕೂರಿಸಿಕೊಂಡು ಹೇಳಿದರು:

"ದೇವರ ಮುಂದೆ ದೀಪ ಹಚ್ಚುತ್ತೀರಿ. ಬೆಳಕು ನಿಮ್ಮ ಮೈಮೇಲೆ ಬೀಳುತ್ತೆ. ದೀಪ ಆರಿಸಿದ ಮೇಲೆ ಬೆಳಕು ಮೈಗೆ ಅಂಟಿಕೊಂಡಿರುತ್ತಾ? ಇಲ್ಲ. ಎಕ್ಸ್‌ರೇ, ನಿಮ್ಮ ಅತ್ತಿಗೆಗೆ ಕೊಡೋ ಕರೆಂಟು, ಎಲ್ಲ ಆ ಬೆಳಕಿನ ಹಾಗೆ. ಮೆಷಿನ್ ನಿಂತಿತು ಅಂದ್ರೆ ಮುಗೀತು. ಅಣುಸ್ಥಾವರ ಒಡೆದಾಗ ಹೊರಗೆ ಬರೋದು ಅರಿಶಿನದ ಪುಡಿ ಇದ್ದ ಹಾಗೆ. ಗಾಳೀಲಿ ಹಾರುತ್ತೆ, ಬಟ್ಟೆಗೆ, ಸೊಪ್ಪಿಗೆ, ನೀರಿಗೆ ಅಂಟುತ್ತೆ. ಉಸಿರಲ್ಲಿ, ಊಟದಲ್ಲಿ ಒಳಗೆ ಹೋಗುತ್ತೆ. ಎರಡಕ್ಕೂ ಹೆಸರು ಒಂದೇ, ಗುಣ ಬೇರೆ."

ಹೊರಗಿನಿಂದ ಯಂತ್ರದಲ್ಲಿ ವಿಕಿರಣ ಕೊಡಿಸಿಕೊಂಡವರ ಮೈಯಿಂದ ಯಾರಿಗೂ ಏನೂ ಹರಡುವುದಿಲ್ಲ. ಮಗುವನ್ನು ಎತ್ತಿಕೊಳ್ಳಬಹುದು, ಒಂದೇ ತಟ್ಟೆಯಲ್ಲಿ ಉಣ್ಣಬಹುದು. ಥೈರಾಯ್ಡ್ ಕ್ಯಾನ್ಸರಿಗೆ ವಿಕಿರಣದ ಅಯೋಡಿನ್ ಕುಡಿಸಿದಾಗ ಮಾತ್ರ ಔಷಧ ಮೈಯೊಳಗೇ ಇರುವುದರಿಂದ ಕೆಲವು ದಿನ ಬೇರೆ ಇರಬೇಕಾಗುತ್ತದೆ. ಅದನ್ನು ಆಸ್ಪತ್ರೆಯವರೇ ಹೇಳಿ ಕಳಿಸುತ್ತಾರೆ.

ಹಾಲಿನ ಭಯ ಎಲ್ಲಿಂದ ಬಂತು?

ಹಾಗಾದರೆ ಹಾಲಿಗೆ ಹೆದರಿದ್ದು ಶುದ್ಧ ಮೂಢತನವೇ? ಅಲ್ಲ. ಪೀಣ್ಯದಲ್ಲಿ ಅದು ಅಳತೆ ಮೀರಿದ ಭಯ, ಚೆರ್ನೋಬಿಲ್ಲಿನಲ್ಲಿ ಮಾತ್ರ ಆ ಭಯವೇ ಮಕ್ಕಳನ್ನು ಉಳಿಸಬಹುದಿತ್ತು.

1986ರ ಏಪ್ರಿಲ್ 26ರ ನಡುರಾತ್ರಿ ಆಗಿನ ಸೋವಿಯತ್ ದೇಶದ ಚೆರ್ನೋಬಿಲ್ ಸ್ಥಾವರ ಸಿಡಿಯಿತು. ಪಕ್ಕದ ಪ್ರಿಪ್ಯಾತ್ ಊರಿನ ಸುಮಾರು 50 ಸಾವಿರ ಜನಕ್ಕೆ ಬೆಳಗಾದರೂ ಯಾರೂ ಏನೂ ಹೇಳಲಿಲ್ಲ. ಮಕ್ಕಳು ಬೀದಿಯಲ್ಲಿ ಆಡಿದರು. ಬಸ್ಸುಗಳು ಬಂದು ಅವರನ್ನು ಸಾಗಿಸಿದ್ದು ಮರುದಿನ ಮಧ್ಯಾಹ್ನ. ಹೊರಗಿನ ಪ್ರಪಂಚಕ್ಕೆ ಗುಟ್ಟು ರಟ್ಟಾದದ್ದು 28ರಂದು, ಸ್ವೀಡನ್ನಿನ ಸ್ಥಾವರವೊಂದರಲ್ಲಿ ಅಳತೆಯಂತ್ರ ಕೂಗಿದ ಮೇಲೆ!

ಆ ಧೂಳಿನಲ್ಲಿ ವಿಕಿರಣದ ಅಯೋಡಿನ್ ಇತ್ತು. ಹುಲ್ಲಿನ ಮೇಲೆ ಬಿತ್ತು, ಹುಲ್ಲನ್ನು ಹಸು ಮೇಯಿತು, ಹಾಲಿಗೆ ಬಂತು, ಹಾಲನ್ನು ಮಕ್ಕಳು ಕುಡಿದವು. ಅಯೋಡಿನ್ ಎಲ್ಲಿ ಸಿಕ್ಕರೂ ಎಳೆದುಕೊಳ್ಳುವುದು ಕುತ್ತಿಗೆಯ ಥೈರಾಯ್ಡ್ ಗ್ರಂಥಿ. ಆಗ ಮಕ್ಕಳಾಗಿದ್ದವರಲ್ಲಿ 2005ರ ಹೊತ್ತಿಗೆ ಆರು ಸಾವಿರಕ್ಕೂ ಹೆಚ್ಚು ಥೈರಾಯ್ಡ್ ಕ್ಯಾನ್ಸರ್ ಕಂಡವು. ಬಹುಪಾಲು ಮಂದಿ ಚಿಕಿತ್ಸೆಯಿಂದ ಉಳಿದರು. 'ಈ ಹಾಲು ಕುಡಿಸಬೇಡಿ' ಎಂಬ ಒಂದು ಮಾತನ್ನು ತಾಯಂದಿರಿಗೆ ಸಮಯಕ್ಕೆ ಹೇಳಿದ್ದರೆ ಎಷ್ಟೋ ತಪ್ಪುತ್ತಿತ್ತು. ಪಕ್ಕದ ಪೋಲೆಂಡಿನವರು ಕೆಲವೇ ದಿನಗಳಲ್ಲಿ ಒಂದು ಕೋಟಿಗೂ ಹೆಚ್ಚು ಮಕ್ಕಳಿಗೆ ಅಯೋಡಿನ್ ಔಷಧ ಕುಡಿಸಿದರು.

ಈ ಅಯೋಡಿನ್ನಿಗೆ ಆಯುಸ್ಸು ಕಡಿಮೆ. ಎಂಟು ದಿನಕ್ಕೆ ಅರ್ಧ, ಹದಿನಾರು ದಿನಕ್ಕೆ ಕಾಲು, ಎಂಬತ್ತು ದಿನಕ್ಕೆ ಸಾವಿರದಲ್ಲಿ ಒಂದು ಪಾಲು ಮಾತ್ರ ಉಳಿಯುತ್ತದೆ. ಸೀಸಿಯಂ ಎಂಬ ಇನ್ನೊಂದಕ್ಕೆ ಅರ್ಧವಾಗಲು ಮೂವತ್ತು ವರ್ಷ ಬೇಕು. ಆ ಸೀಸಿಯಂ ನಮ್ಮ ದೇಶದ ಬೆಣ್ಣೆಯಲ್ಲೂ ಸುದ್ದಿ ಮಾಡಿತ್ತು. ಚೆರ್ನೋಬಿಲ್ ಆದ ಮೇಲೆ ಐರ್ಲೆಂಡಿನಿಂದ ಬಂದ ಬೆಣ್ಣೆಯನ್ನು ಜನಕ್ಕೆ ಹಂಚಬಾರದೆಂದು ಮುಂಬಯಿಯಲ್ಲಿ ಮೊಕದ್ದಮೆ ಹೂಡಿದರು. ಅದು ಸುಪ್ರೀಂ ಕೋರ್ಟಿನವರೆಗೆ ಹೋಗಿ, ತಜ್ಞರ ಸಮಿತಿ ಪರೀಕ್ಷಿಸಿ ತೊಂದರೆಯಿಲ್ಲವೆಂದು ಹೇಳಿದ ಮೇಲೆ 1988ರಲ್ಲಿ ಮುಗಿಯಿತು. ಕೇಳಿದ್ದು ತಪ್ಪಲ್ಲ. ಕೇಳಿದ್ದರಿಂದಲೇ ಅಳತೆ ಹೊರಗೆ ಬಂತು.

ಟೋಕಿಯೊದ ತಾಯಂದಿರ ವಿಷಯವೂ ಹಾಗೆಯೇ. 2011ರ ಮಾರ್ಚ್ 23ರಂದು ಅಲ್ಲಿನ ನಲ್ಲಿ ನೀರಿನಲ್ಲಿ ಅಯೋಡಿನ್ ಹಸುಗೂಸುಗಳಿಗೆ ನಿಗದಿಯಾದ ಮಿತಿಯ ಎರಡರಷ್ಟಿತ್ತು. ನಗರಾಡಳಿತ ಅದನ್ನು ಮುಚ್ಚಿಡದೆ ಸಾರಿತು, ಹಸುಗೂಸಿರುವ ಮನೆಗಳಿಗೆ ನೀರಿನ ಬಾಟಲಿ ಹಂಚಿತು. ಮಿತಿಗಿಂತ ಇಳಿದೊಡನೆ ಅದನ್ನೂ ಹೇಳಿತು.

ಉಪ್ಪಿನ ಲೆಕ್ಕ

ಅದೇ ವಾರ ಚೀನಾದಲ್ಲಿ ಅಯೋಡಿನ್ ಉಪ್ಪು ತಿಂದರೆ ವಿಕಿರಣ ತಟ್ಟದೆಂದು ಗುಲ್ಲೆದ್ದು ಅಂಗಡಿಗಳಲ್ಲಿ ಉಪ್ಪೇ ಖಾಲಿಯಾಯಿತು. ನಮ್ಮ ವಠಾರದಲ್ಲೂ ಇಬ್ಬರು ಐದೈದು ಪ್ಯಾಕೆಟ್ ಹೊತ್ತು ತಂದರು. ಲೆಕ್ಕ ನಾವೇ ಹಾಕೋಣ, ಬನ್ನಿ. ಅಣು ಅಪಘಾತದಲ್ಲಿ ದೊಡ್ಡವರಿಗೆ ಕೊಡುವ ಪೊಟ್ಯಾಸಿಯಂ ಅಯೊಡೈಡ್ ಮಾತ್ರೆ 130 ಮಿಲಿಗ್ರಾಂ, ಅದರಲ್ಲಿ ಅಯೋಡಿನ್ ಸುಮಾರು 100 ಮಿಲಿಗ್ರಾಂ. ಅಡಿಗೆ ಉಪ್ಪಿನಲ್ಲಿ ಕಿಲೋಗೆ ಹೆಚ್ಚೆಂದರೆ ಸುಮಾರು 30 ಮಿಲಿಗ್ರಾಂ ಅಯೋಡಿನ್. ಅಂದರೆ ಒಂದು ಮಾತ್ರೆಗೆ ಸಮವಾಗಲು ಮೂರು ಕಿಲೋಗೂ ಹೆಚ್ಚು ಉಪ್ಪು ತಿನ್ನಬೇಕು! ವಿಕಿರಣ ಕೊಲ್ಲುವ ಮೊದಲು ಉಪ್ಪೇ ಕೊಂದೀತು. ಕುತ್ತಿಗೆಗೆ ಬೆಟಾಡಿನ್ ಹಚ್ಚಿದರೆ ಚರ್ಮ ಕಂದಾಗುತ್ತದೆ ಅಷ್ಟೆ. ಕುಡಿದರೆ ಅಪಾಯ. ಆ ಮಾತ್ರೆಯೂ ಥೈರಾಯ್ಡನ್ನು ಮಾತ್ರ ಕಾಯುತ್ತದೆ. ಅದನ್ನೂ ಅಧಿಕಾರಿಗಳು ನುಂಗಿ ಎಂದಾಗಲೇ ನುಂಗಬೇಕು.

ನಮ್ಮ ನಾಡಿನಲ್ಲೂ

ಜಪಾನ್ ದೂರ, ರಷ್ಯಾ ದೂರ. ನಮ್ಮಲ್ಲಿ? ಕಾಳಿ ನದಿಯ ದಂಡೆಯ ಕೈಗಾ ನಮ್ಮ ನಾಡಿನದೇ. 1980ರ ದಶಕದಲ್ಲಿ ಅದರ ಮಾತೆದ್ದಾಗ ಉತ್ತರ ಕನ್ನಡದ ಜನ ಸುಮ್ಮನೆ ಒಪ್ಪಲಿಲ್ಲ. ಡಾ. ಶಿವರಾಮ ಕಾರಂತರು ಇಳಿವಯಸ್ಸಿನಲ್ಲಿ, 1989ರಲ್ಲಿ, ಅದೇ ವಿಷಯವಿಟ್ಟುಕೊಂಡು ಲೋಕಸಭೆಗೆ ಸ್ಪರ್ಧಿಸಿದರು. ಗೆಲ್ಲಲಿಲ್ಲ. ಹೊನ್ನಾವರದ ಸ್ನೇಹಕುಂಜದ ಡಾ. ಕುಸುಮಾ ಸೊರಬ ಆ ಹೋರಾಟದಲ್ಲಿ ಮುಂದಿದ್ದರು. ಸ್ಥಾವರ ಕಟ್ಟುತ್ತಿರುವಾಗಲೇ 1994ರ ಮೇ 13ರಂದು ಗುಮ್ಮಟದ ಒಳಮೈಯ ಕಾಂಕ್ರೀಟು ಕಳಚಿ ಬಿತ್ತು. ಆಗಿನ್ನೂ ಇಂಧನ ತುಂಬಿರಲಿಲ್ಲ, ಪುಣ್ಯ. ವಿನ್ಯಾಸ ತಿದ್ದಿ ಮತ್ತೆ ಕಟ್ಟಿದರು. ಮೊದಲ ಎರಡು ಘಟಕಗಳು 2000ದಲ್ಲಿ ಕೆಲಸ ಸುರುಮಾಡಿದವು. ಮೊದಲನೆಯದು 2018ರ ಕೊನೆಗೆ 962 ದಿನ ನಿಲ್ಲದೆ ಓಡಿ ದಾಖಲೆಯನ್ನೂ ಮಾಡಿತು. ಎರಡನ್ನೂ ಹೇಳಬೇಕು, ನ್ಯಾಯ.

2009ರ ನವೆಂಬರಿನಲ್ಲಿ ಅಲ್ಲೊಂದು ವಿಚಿತ್ರ ನಡೆಯಿತು. ನೌಕರರ ಮೂತ್ರ ಪರೀಕ್ಷೆಯಲ್ಲಿ ಟ್ರಿಟಿಯಂ ಎಂಬ ವಿಕಿರಣವಸ್ತು ಹೆಚ್ಚಾಗಿ ಕಂಡಿತು. ಹುಡುಕಿದರೆ, ಕುಡಿಯುವ ನೀರಿನ ಕೂಲರಿಗೆ ಯಾರೋ ಬೇಕೆಂದೇ ಟ್ರಿಟಿಯಂ ಇದ್ದ ಭಾರಜಲ ಬೆರೆಸಿದ್ದರು! ಐವತ್ತಕ್ಕೂ ಹೆಚ್ಚು ಮಂದಿ ಕುಡಿದಿದ್ದರು. ಚಿಕಿತ್ಸೆ ಏನು ಗೊತ್ತೇ? ಹೆಚ್ಚು ಹೆಚ್ಚು ನೀರು ಕುಡಿಸಿ ಮೂತ್ರದಲ್ಲಿ ಹೊರಹಾಕಿಸುವುದು. ಹೊರಗೆ ಏನೂ ಸೋರಿರಲಿಲ್ಲ. ಆದರೂ ಕಾರವಾರದ ಕಡೆಯ ಮನೆಗಳಲ್ಲಿ ಎಷ್ಟು ತಳಮಳವಾಗಿರಬೇಕು, ಯೋಚಿಸಿ.

ಬೆಂಗಳೂರಿಗೆ ಕೈಗಾ ಗಾಳಿದಾರಿಯಲ್ಲಿ ಸುಮಾರು 400 ಕಿಲೋಮೀಟರ್. ವೈಟ್‌ಫೀಲ್ಡ್ ಕಡೆಯವರಿಗೆ ತಮಿಳುನಾಡಿನ ಕಲ್ಪಾಕ್ಕಂ ಇನ್ನೂ ಹತ್ತಿರ. ನಮ್ಮ ದೇಶದಲ್ಲಿ ಸ್ಥಾವರದ ಸುತ್ತ ತುರ್ತು ಯೋಜನೆ ಮಾಡಿಡುವುದು 16 ಕಿಲೋಮೀಟರಿನೊಳಗೆ. ಆ ವಲಯದವರು ಸೈರನ್ ಎಂದರೇನು, ಎಲ್ಲಿ ಸೇರಬೇಕು, ಯಾವ ದಾರಿಯಲ್ಲಿ ಹೋಗಬೇಕು ಎಂದು ಅಣಕು ಕಾರ್ಯಾಚರಣೆಯ ದಿನವೇ ತಿಳಿದಿಟ್ಟುಕೊಳ್ಳಬೇಕು. ಬೆಂಕಿ ಬಿದ್ದಾಗ ಬಾವಿ ತೋಡುವುದು ಬೇಡ.

ಇನ್ನು ಕೋಲಾರದ ಚಿನ್ನದ ಗಣಿ. ಮಾರಿಕುಪ್ಪಂ ಕಡೆಯಿಂದ ಬೆಳಗಿನ ರೈಲು ಹತ್ತಿ ವೈಟ್‌ಫೀಲ್ಡಿಗೆ, ಬೆಂಗಳೂರಿಗೆ ಕೆಲಸಕ್ಕೆ ಬರುವ ಹೆಣ್ಣುಮಕ್ಕಳು ಎಷ್ಟೋ ಮಂದಿ. 2001ರಲ್ಲಿ ಗಣಿ ಮುಚ್ಚಿದ ಮೇಲೆ ಅವರ ಮನೆಗಳ ಅನ್ನ ಆ ರೈಲಿನ ಮೇಲೇ ನಿಂತಿದೆ. 2012ರ ನವೆಂಬರಿನಲ್ಲಿ, ಕೂಡಂಕುಳಂ ಸ್ಥಾವರದ ಮೊಕದ್ದಮೆ ಸುಪ್ರೀಂ ಕೋರ್ಟಿನಲ್ಲಿ ನಡೆಯುತ್ತಿದ್ದಾಗ, ಅಣು ತ್ಯಾಜ್ಯವನ್ನು ಕೆ.ಜಿ.ಎಫ್.ನ ಪಾಳುಗಣಿಯಲ್ಲಿಡುವ ಮಾತು ಬಂತು. ಊರಿಗೆ ಊರೇ ಬೀದಿಗಿಳಿಯಿತು. ಕೊನೆಗೆ ಸರ್ಕಾರ ಅಂಥ ಯೋಜನೆ ಇಲ್ಲವೆಂದಿತು. ಅವರು ಸುಮ್ಮನೆ ಹೆದರಿದವರಲ್ಲ. ಸೈನೈಡ್ ಮಣ್ಣಿನ ಗುಡ್ಡಗಳ ಧೂಳನ್ನು ಗಾಳಿಗಾಲದಲ್ಲಿ ಅನ್ನದ ತಟ್ಟೆಯಲ್ಲಿ ಕಂಡವರು. 'ಏನೂ ಆಗಲ್ಲ' ಎಂಬ ಮಾತನ್ನು ಅವರು ಹೇಗೆ ನಂಬಿಯಾರು?

ಗುಜರಿಯ ಗಂಡಾಂತರ

ಪೀಣ್ಯದಂಥ ಕಡೆ ಇರುವವರು ಗಮನಿಸಬೇಕಾದ ಅಪಾಯವೇ ಬೇರೆ. ಬೆಸುಗೆ, ಎರಕ ಸರಿಯಾಗಿದೆಯೇ ಎಂದು ನೋಡಲು ಕೈಗಾರಿಕೆಗಳಲ್ಲಿ ವಿಕಿರಣದ ಉಪಕರಣ ಬಳಸುತ್ತಾರೆ. ನಿಯಮದಂತೆ ಇಟ್ಟುಕೊಂಡರೆ ತೊಂದರೆಯಿಲ್ಲ. ಗುಜರಿಗೆ ಬಿದ್ದರೆ ಕೇಡು. 2010ರ ಏಪ್ರಿಲಿನಲ್ಲಿ ದೆಹಲಿಯ ಮಾಯಾಪುರಿಯಲ್ಲಿ, ವಿಶ್ವವಿದ್ಯಾನಿಲಯವೊಂದು ಹರಾಜಿಗೆ ಹಾಕಿದ ಹಳೆಯ ಯಂತ್ರದಲ್ಲಿ ಕೋಬಾಲ್ಟ್ ಇತ್ತು. ಗುಜರಿಯವರು ಒಡೆದರು. ಒಬ್ಬ ಸತ್ತ, ಹಲವರು ಆಸ್ಪತ್ರೆ ಸೇರಿದರು. 1987ರಲ್ಲಿ ಬ್ರೆಜಿಲ್ಲಿನ ಗೊಯಾನಿಯಾ ಎಂಬ ಊರಿನಲ್ಲಿ ಪಾಳು ಆಸ್ಪತ್ರೆಯ ಯಂತ್ರದೊಳಗೆ ಕತ್ತಲಲ್ಲಿ ನೀಲಿಯಾಗಿ ಹೊಳೆಯುವ ಪುಡಿ ಸಿಕ್ಕಿತೆಂದು ಮನೆಗೆ ತಂದರು, ಮೈಗೆ ಸವರಿಕೊಂಡರು. ನಾಲ್ವರು ತೀರಿಕೊಂಡರು. ಒಂದು ಲಕ್ಷಕ್ಕೂ ಹೆಚ್ಚು ಜನ ಪರೀಕ್ಷೆಗೆ ಸಾಲುನಿಂತರು.

ಹಳದಿ ಹಿನ್ನೆಲೆಯಲ್ಲಿ ನಡುವೆ ಒಂದು ಚುಕ್ಕೆ, ಸುತ್ತ ಮೂರು ಎಸಳು: ಈ ಗುರುತನ್ನು ಮಕ್ಕಳಿಗೂ ಗಂಡಸರಿಗೂ ತೋರಿಸಿಡಿ. ಎಲ್ಲಾದರೂ ಕಂಡರೆ ಮುಟ್ಟದೆ, ದೂರ ಸರಿದು, ಪೊಲೀಸರಿಗೆ ತಿಳಿಸಿ.

ಕೊನೆಗೆ ಅತ್ತಿಗೆಯ ಮಾತು

ಡಾಕ್ಟರ್ ಹೇಳಿದ ದೀಪದ ಮಾತನ್ನು ಮನೆಗೆ ಬಂದು ಹೇಳಿದೆ. ಅತ್ತಿಗೆ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಕಣ್ಣಲ್ಲಿ ನೀರು. "ಹಾಗಾದ್ರೆ ಎದುರು ಮನೆ ಪಾಪುನ ಎತ್ಕೋಬಹುದಾ?" ಅಂದರು. ಆಗಲೇ ನನಗೆ ತಿಳಿದದ್ದು. ಆ ಮನೆಯಾಕೆ ಹದಿನೈದು ದಿನದಿಂದ ತನ್ನ ಮೊಮ್ಮಗುವನ್ನು ಅತ್ತಿಗೆಯ ಹತ್ತಿರ ಬಿಟ್ಟಿರಲಿಲ್ಲವಂತೆ. ಅತ್ತಿಗೆಯೂ ಅದಕ್ಕೇ ತಮ್ಮ ಲೋಟ ತಟ್ಟೆ ಬೇರೆ ಇಟ್ಟುಕೊಂಡಿದ್ದರು. ಯಾರಿಗೂ ಹೇಳಿರಲಿಲ್ಲ. ಕರೆಂಟಿಗಿಂತ ಅದೇ ಹೆಚ್ಚು ಸುಟ್ಟಿತ್ತು.

ನಾನು ಎದುರು ಮನೆಗೆ ಹೋಗಿ ಕೂತು, ಕಾಫಿ ಕುಡಿದು, ದೀಪ-ಅರಿಶಿನದ ಕಥೆ ಹೇಳಿ ಬಂದೆ. ಮರುದಿನ ಬೆಳಿಗ್ಗೆ ಆಕೆಯೇ ಮಗುವನ್ನು ತಂದು ಅತ್ತಿಗೆಯ ಮಡಿಲಲ್ಲಿ ಹಾಕಿದರು. "ತಪ್ಪಾಯ್ತು ಕಣ್ರೀ" ಎಂದರು. ಅತ್ತಿಗೆ ಅದೇ ಸೋಮವಾರದಿಂದ ಆಸ್ಪತ್ರೆಗೆ ಬಂದರು. ನಡುವೆ ತಪ್ಪಿದ್ದು ಐದು ದಿನ. ಹೀಗೆ ಬಿಡಬಾರದಿತ್ತೆಂದು ಡಾಕ್ಟರ್ ಗದರಿ, ತಪ್ಪಿದ್ದನ್ನೂ ಸೇರಿಸಿ ಪೂರ್ತಿ ಮುಗಿಸಿದರು. ಆ ಮಗು ಈಗ ಕಾಲೇಜಿಗೆ ಹೋಗುವ ಹುಡುಗಿ. ಹೋದ ಹಬ್ಬಕ್ಕೆ ಅತ್ತಿಗೆ ಮಾಡಿದ ಒಬ್ಬಟ್ಟಿನಲ್ಲಿ ಮೊದಲ ಪಾಲು ಅವಳದೇ.

ನೆನಪಿಡಿ

1. ನಿಜವಾಗಿ ಅಪಘಾತವಾಗಿ, ನಿಮ್ಮ ಊರು ಆ ವಲಯದಲ್ಲಿದ್ದರೆ ಮೊದಲು ಮನೆಯೊಳಗೆ ಹೋಗಿ. ಬಾಗಿಲು ಕಿಟಕಿ ಮುಚ್ಚಿ, ಫ್ಯಾನ್ ನಿಲ್ಲಿಸಿ. ಹೇಳದೆ ಊರು ಬಿಟ್ಟು ಓಡಬೇಡಿ.

2. ಹೊರಗಿದ್ದವರು ಮೇಲಿನ ಬಟ್ಟೆ ಕಳಚಿ ಚೀಲದಲ್ಲಿ ಕಟ್ಟಿ ದೂರ ಇಡಿ. ಅಂಟಿದ ಧೂಳಿನ ಬಹುಪಾಲು ಅದರಲ್ಲೇ ಹೋಗುತ್ತದೆ. ಸೋಪು ಹಚ್ಚಿ ಸ್ನಾನ ಮಾಡಿ, ಮೈ ಉಜ್ಜಿ ಗಾಯ ಮಾಡಿಕೊಳ್ಳಬೇಡಿ.

3. ಮನೆಯೊಳಗೆ ಮುಚ್ಚಿಟ್ಟ ಅಕ್ಕಿ, ಬೇಳೆ, ನೀರು ಬಳಸಬಹುದು. ಅಂಗಳದ ಸೊಪ್ಪು, ತೆರೆದ ಬಾವಿಯ ನೀರು, ಹೊರಗೆ ಮೇದ ಹಸುವಿನ ಹಾಲು ಸರ್ಕಾರ ಸರಿ ಎನ್ನುವವರೆಗೆ ಬೇಡ.

4. ಫೋನಿನಲ್ಲಿ ಬಂದ ಸುದ್ದಿಗೆ ಮೂರು ಪ್ರಶ್ನೆ ಕೇಳಿ: ಹೇಳಿದವರು ಯಾರು? ಎಷ್ಟು ದೂರದ್ದು? ಅಳತೆ ಎಷ್ಟು? ಮೂರಕ್ಕೂ ಉತ್ತರವಿಲ್ಲದಿದ್ದರೆ ಇನ್ನೊಬ್ಬರಿಗೆ ಕಳಿಸಬೇಡಿ.

5. ಗರ್ಭಿಣಿಯಾಗಿದ್ದರೆ, ಇರಬಹುದೆಂಬ ಅನುಮಾನವಿದ್ದರೂ, ಎಕ್ಸ್‌ರೇಗೆ ಮೊದಲೇ ಡಾಕ್ಟರಿಗೆ ಹೇಳಿ. ಆದರೆ ಬೇಕಾದ ಚಿಕಿತ್ಸೆಯನ್ನು ಹೆದರಿ ಅರ್ಧಕ್ಕೆ ಬಿಡಬೇಡಿ.